ಗಾಳಿಯ ಮರೆ

ಈಜು ಮತ್ತು ಸೈಕಲ್ಲು, ಒಮ್ಮೆ ಕಲಿತರೆ ಸಾಯುವ ತನಕ ಮರೆಯುವುದಿಲ್ಲ ಎನ್ನುತ್ತಾರೆ. ಹಾಗೆ ಹೇಳಿದವರು ನೀಲಾ ಹೂಗಾರಳನ್ನು ನೋಡಿರಲಿಲ್ಲ. ಹದಿನಾರನೆಯ ವಯಸ್ಸಿಗೇ ಸೈಕಲ್ ಸ್ಪರ್ಧೆಯಲ್ಲಿ ರಾಜ್ಯಮಟ್ಟದ ಪದಕ ತಂದ ಹುಡುಗಿ, ಹತ್ತೊಂಬತ್ತಕ್ಕೆ ಕಾಲಿಡುವ ಹೊತ್ತಿಗೆ ವಿಜಯಪುರದ ತನ್ನ ಓಣಿಯಲ್ಲೇ ಸೈಕಲ್ ಹತ್ತಲು ಬಾರದೆ ಹ್ಯಾಂಡಲ್ ಹಿಡಿದು ನಿಂತಿರುತ್ತಿದ್ದಳು. ಒಂದು ಕಾಲು ಪೆಡಲಿನ ಮೇಲೆ ಕೂತರೆ ಇನ್ನೊಂದು ನೆಲ ಬಿಡುತ್ತಿರಲಿಲ್ಲ. ಬಿಟ್ಟರೂ ನಾಲ್ಕು ಮಾರು ಹೋಗುವಷ್ಟರಲ್ಲಿ ಗಾಲಿ ಕುಡಿದವನ ಹಾಗೆ ತೂರಾಡುತ್ತಿತ್ತು. ಓಣಿಯ ಮಕ್ಕಳು ಮೊದಮೊದಲು ನಕ್ಕರು. ಅವರ ತಾಯಂದಿರು ಒಳಗೆ ಕರೆದು ಏನೋ ಹೇಳಿದ ಮೇಲೆ ನಗುವುದನ್ನು ಬಿಟ್ಟರು. ನೀಲಾಳಿಗೆ ಅವರು ನಗುತ್ತಿದ್ದದ್ದೇ ಮೇಲೆನಿಸಿತ್ತು.

ಎಂಟು ತಿಂಗಳ ಹಿಂದೆ ಅಥಣಿ ರಸ್ತೆಯಲ್ಲಿ, ಬೇವಿನ ಮರದ ತಿರುವಿನ ಹತ್ತಿರ, ಇಬ್ಬರು ಹುಡುಗಿಯರು ಬಿದ್ದಿದ್ದರು. ನೀಲಾಳ ಹೆಗಲಿನ ಎಲುಬು ಮುರಿದು ತಲೆಗೆ ಪೆಟ್ಟಾಯಿತು. ಅವಳ ಮುಂದೆ ಓಡಿಸುತ್ತಿದ್ದ ಸೋನಾ ರಾಠೋಡ ಎದುರಿನಿಂದ ಬಂದ ಲಾರಿಗೆ ಸಿಕ್ಕು ಅಲ್ಲೇ ತೀರಿಕೊಂಡಳು. ಆ ಮಧ್ಯಾಹ್ನ ನೀಲಾಳ ತಲೆಯಿಂದ ಪೂರ್ತಿ ಅಳಿಸಿಹೋಗಿತ್ತು. ಕ್ರೀಡಾ ಹಾಸ್ಟೆಲ್ಲಿನ ಅಂಗಳದಲ್ಲಿ ಟೈರಿಗೆ ಗಾಳಿ ತುಂಬಿದ್ದು ನೆನಪಿತ್ತು, ಅದಾದ ಮೇಲೆ ಆಸ್ಪತ್ರೆಯ ಫ್ಯಾನು. ನಡುವೆ ಏನೂ ಇಲ್ಲ. ಮೋಟರ್ ಸೈಕಲ್ಲಿನಲ್ಲಿ ಹಿಂದೆ ಬರುತ್ತಿದ್ದ ಕೋಚ್ ಮೇತ್ರಿ ಸರ್ ಎಲ್ಲರಿಗೂ ಒಂದೇ ಮಾತು ಹೇಳಿದ್ದರು: "ಲಾರಿ ಬಂತು."

ಆಷಾಢದಲ್ಲಿ ರಾಷ್ಟ್ರೀಯ ತಂಡಕ್ಕೆ ಆಯ್ಕೆ. ಮೂವತ್ತು ಕಿಲೋಮೀಟರ್, ಒಬ್ಬೊಬ್ಬರೇ, ಗಡಿಯಾರದ ವಿರುದ್ಧ. ನೀಲಾಳ ವಯಸ್ಸಿಗೆ ಇದೇ ಕೊನೆಯ ಅವಕಾಶ. ಇದು ತಪ್ಪಿದರೆ ಹಾಸ್ಟೆಲ್ಲಿನ ಸೀಟೂ ಹೋಗುತ್ತದೆ, ಮನೆಯಲ್ಲಿ ಅವ್ವನ ಜೊತೆ ಕೂತು ಹೂ ಕಟ್ಟುವುದೇ ಗತಿ. ಅದಕ್ಕೇ ಮೇತ್ರಿ ಸರ್ ಅವಳನ್ನು ಮರೆತ ಚಲನೆಯನ್ನು ಮೈಗೆ ಮತ್ತೆ ಕಲಿಸುವ, ಊರ ಹೊರಗಿನ ಪುನಶ್ಚಲನ ಕೇಂದ್ರಕ್ಕೆ ಕರೆದುಕೊಂಡು ಹೋದರು.

ಅಲ್ಲಿದ್ದದ್ದು ಒಂದು ಅಂಗಿ. ಅದಕ್ಕೆ ಕಾಗದದ ಮೇಲೆ 'ಚಲನಸ್ಮೃತಿ ಕವಚ' ಎಂಬ ಭಾರಿ ಹೆಸರಿದ್ದರೂ ಹಾಸ್ಟೆಲ್ಲಿನ ಹುಡುಗಿಯರೆಲ್ಲ 'ಬನೇನು' ಎಂದೇ ಕರೆಯುತ್ತಿದ್ದರು. ಎರಡು ವರ್ಷದಿಂದ ಅಭ್ಯಾಸಕ್ಕೆ ಹೋಗುವಾಗಲೆಲ್ಲ ಅದನ್ನು ಒಳಗೆ ತೊಟ್ಟುಕೊಳ್ಳಬೇಕೆಂದು ನಿಯಮವಿತ್ತು. ಯಾಕೆಂದು ಯಾರೂ ಕೇಳಿರಲಿಲ್ಲ. ಬೆವರಿಗೆ ಮೈಗಂಟುತ್ತದೆ ಎಂದು ಬೈದುಕೊಂಡೇ ತೊಡುತ್ತಿದ್ದರು.

"ನೀನು ಓಡಿಸುವಾಗ ಯಾವ ಸ್ನಾಯು ಯಾವ ಗಳಿಗೆಯಲ್ಲಿ ಎಷ್ಟು ಬಿಗಿಯಿತು ಅನ್ನೋದನ್ನೆಲ್ಲ ಇದು ಬರೆದಿಟ್ಟುಕೊಂಡಿದೆ" ಎಂದಳು ಡಾಕ್ಟರ್ ವಿಭಾ ಶೇಟ್. ಕಾರವಾರದ ಕಡೆಯವಳು, ಮೂವತ್ತೈದರ ಆಸುಪಾಸು, ಜೀವಮಾನದಲ್ಲಿ ಸೈಕಲ್ ಹತ್ತಿದವಳಲ್ಲ. ಈ ಕೊನೆಯ ಸಂಗತಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. "ಈಗ ಅದನ್ನೇ ತಿರುಗಿಸಿ ನಿನಗೆ ಕೊಡ್ತೇವೆ. ನೀನು ಮನಸ್ಸು ಮಾಡೋದಕ್ಕಿಂತ ಒಂದು ರೆಪ್ಪೆ ಹೊಡೆಯುವಷ್ಟು ಮೊದಲು ಬೆನ್ನುಹುರಿಗೆ ಸಣ್ಣ ವಿದ್ಯುತ್ತು ಹೋಗ್ತದೆ, ಕಾಲು ತಾನೇ ಏಳ್ತದೆ. ನೂರು ಸಲ ಹೀಗೆ ಎದ್ದರೆ ನೂರಾ ಒಂದನೇ ಸಲ ಬನೇನೇ ಬೇಡ."

"ಬ್ಯಾರೇದವ್ರದು ಹಾಕಂಗಿಲ್ಲಲ್ರಿ?"

"ಇಲ್ಲ. ಎಲ್ಲ ನಿನ್ನದೇ."

ಅದು ನಿಜವಾಗಿರಲಿಲ್ಲ. ಆದರೆ ಆ ಹೊತ್ತಿಗೆ ಅಲ್ಲಿದ್ದ ಮೂವರಿಗೂ ಅದು ಗೊತ್ತಿರಲಿಲ್ಲ.

ಮೊದಲ ದಿನ ಒಳಕೋಣೆಯಲ್ಲಿ, ಗಾಲಿ ನಿಂತಲ್ಲೇ ತಿರುಗುವ ರೋಲರಿನ ಮೇಲೆ ಸೈಕಲ್ ನಿಲ್ಲಿಸಿದ್ದರು. ಮೇತ್ರಿ ಸರ್ ಸೀಟು ಹಿಡಿದುಕೊಂಡರು. ವಿಭಾ ಗುಂಡಿ ಒತ್ತಿದಳು. ನೀಲಾಳ ಬೆನ್ನಿನಲ್ಲಿ ಇರುವೆ ಹರಿದಂತಾಯಿತು, ನೆಲಕ್ಕೆ ಅಂಟಿಕೊಂಡಿದ್ದ ಬಲಗಾಲು ಎದ್ದು ಪೆಡಲಿನ ಮೇಲೆ ಕೂತಿತು. ಆಮೇಲೆ ಎರಡೂ ಕಾಲು ಸುತ್ತತೊಡಗಿದವು. ಮೇತ್ರಿ ಸರ್ ಕೈ ಬಿಟ್ಟದ್ದು ಅವಳಿಗೆ ತಿಳಿಯಲೇ ಇಲ್ಲ. ಹತ್ತು ನಿಮಿಷವಾದ ಮೇಲೆ ನೋಡಿದರೆ ಅವರು ಗೋಡೆಗೆ ಮುಖ ಮಾಡಿ ನಿಂತು ಕರ್ಚೀಫು ಹುಡುಕುತ್ತಿದ್ದರು. ನೀಲಾಳೂ ಅತ್ತಳು. ಎಂಟು ತಿಂಗಳ ಮೇಲೆ ಅವಳಿಗೆ ತನ್ನ ಮೈ ತನ್ನದೆನಿಸಿತ್ತು.

ವಿಭಾ ಮಾತ್ರ ಪರದೆ ನೋಡುತ್ತ ಕೇಳಿದಳು: "ಬೆರಳು ಯಾಕೆ ಹಾಗೆ ಬ್ರೇಕು ಮುಟ್ಟಿ ಮುಟ್ಟಿ ಬಿಡ್ತದೆ? ಎದುರಿಗೆ ಏನೂ ಇಲ್ಲವಲ್ಲ?"

"ರೂಢಿ ಇರಬೇಕ್ರಿ" ಎಂದರು ಮೇತ್ರಿ ಸರ್.

ತಿಂಗಳು ಕಳೆಯುವಷ್ಟರಲ್ಲಿ ನೀಲಾ ಹಾಸ್ಟೆಲ್ಲಿನ ಅಂಗಳದಲ್ಲಿ ಸುತ್ತು ಹೊಡೆಯತೊಡಗಿದಳು. ಮನೆಯಲ್ಲಿ ಅವ್ವ ಶಾವಂತ್ರವ್ವ ಬನೇನಿಗೆ ದೃಷ್ಟಿ ತೆಗೆದಳು. ಉಪ್ಪು ಮೆಣಸಿನಕಾಯಿ ನಿವಾಳಿಸಿ, "ಯಾರ ಕಣ್ಣು ಬಿದ್ದಿತ್ತೋ, ನಿನ್ನ ಮೈ ನಿನಗ ತಿರುಗಿ ಬಂತವ್ವಾ" ಎಂದಳು.

ಬಂದದ್ದು ನಿಜ. ಆದರೆ ಬರುವಾಗ ಒಂಟಿಯಾಗಿ ಬಂದಿರಲಿಲ್ಲ. ಮೊದಲು ಗಮನಿಸಿದವಳು ಅವ್ವನೇ. ಮಾರುಕಟ್ಟೆಗೆ ಹೂವಿನ ಬುಟ್ಟಿ ಹೊತ್ತು ಹೊರಟರೆ ನೀಲಾ ಪಕ್ಕಕ್ಕೆ ಬರುತ್ತಿರಲಿಲ್ಲ. ಸರಿಯಾಗಿ ಬೆನ್ನ ಹಿಂದೆ, ಒಂದು ಗೇಣು ಅಂತರದಲ್ಲಿ, ಅವ್ವನ ಹೆಜ್ಜೆಗೆ ಹೆಜ್ಜೆ ಹಾಕುತ್ತಿದ್ದಳು. ಅವ್ವ ನಿಂತರೆ ಆ ಕ್ಷಣಕ್ಕೇ ನಿಲ್ಲುತ್ತಿದ್ದಳು.

"ಯಾಕ ಹಿಂಗ ಬೆನ್ನು ಹತ್ತೀ? ಬಾಜೂಕ ಬಾ."

ನೀಲಾ ಪಕ್ಕಕ್ಕೆ ಬಂದಳು. ಹತ್ತು ಹೆಜ್ಜೆಯಲ್ಲಿ ಮತ್ತೆ ಹಿಂದಿದ್ದಳು. ಯಾವಾಗ ಸರಿದಳೆಂದು ಅವಳಿಗೇ ತಿಳಿಯಲಿಲ್ಲ.

ಜ್ಯೇಷ್ಠದಲ್ಲಿ ರಸ್ತೆಗಿಳಿದಾಗ ಸಂಗತಿ ಬೇರೆಯೇ ಆಯಿತು. ಅಥಣಿ ರಸ್ತೆ ಪಡುವಣಕ್ಕೆ ಹೋಗುತ್ತದೆ, ಆ ತಿಂಗಳುಗಳಲ್ಲಿ ಗಾಳಿ ಪಡುವಣದಿಂದಲೇ ಬರುತ್ತದೆ. ಅಡ್ಡ ಮರವಿಲ್ಲದ ಬಯಲು, ಅಲ್ಲಲ್ಲಿ ಗಾಳಿಯಂತ್ರಗಳು ನಿಂತು ಕೈ ತಿರುಗಿಸುತ್ತಿರುತ್ತವೆ. ಆ ಗಾಳಿಗೆ ಎದೆ ಕೊಟ್ಟು ಓಡಿಸುವುದೆಂದರೆ ಗೋಡೆ ತಳ್ಳಿದ ಹಾಗೆ. ನೀಲಾಳ ಕಾಲು ಚೆಂದವಾಗಿ ತಿರುಗುತ್ತಿದ್ದವು, ಆದರೆ ಗಾಳಿಯೇ ಇಲ್ಲವೆಂಬಂತೆ ಹಗುರವಾಗಿ. ಸೈಕಲ್ ತೆವಳುತ್ತಿತ್ತು. ಕಣ್ಣು ರಸ್ತೆಯ ಉದ್ದಕ್ಕೆ ಏಳುತ್ತಿರಲಿಲ್ಲ, ತನ್ನ ಗಾಲಿಯ ಮುಂದೆ ಒಂದು ಮೊಳದಲ್ಲೇ ನೆಟ್ಟಿರುತ್ತಿತ್ತು. ಖಾಲಿ ರಸ್ತೆಯಲ್ಲಿ ಅವಳ ಸೈಕಲ್ಲು ಇದ್ದಕ್ಕಿದ್ದಂತೆ ಸ್ವಲ್ಪ ಎಡಕ್ಕೆ ವಾಲಿ ಮತ್ತೆ ನೇರವಾಗುತ್ತಿತ್ತು. ಅಲ್ಲೊಂದು ಗುಂಡಿ ಇದ್ದದ್ದು ದಾಟಿದ ಮೇಲೆ ಕಾಣುತ್ತಿತ್ತು. ಗುಂಡಿಯನ್ನು ಅವಳು ನೋಡಿರಲಿಲ್ಲ. ಯಾರೋ ತೋರಿಸಿದ ಹಾಗೆ ಮೈ ತಪ್ಪಿಸಿಕೊಂಡಿತ್ತು.

ಮುಂದೆ ಓಡಿಸುವವರು ಹಾಗೆಯೇ ತೋರಿಸುತ್ತಾರೆ, ಎಡಗೈ ಕೆಳಗೆ ಬಿಟ್ಟು ಬೆರಳಿನಿಂದ. ಹಿಂದಿನವರಿಗೆ ರಸ್ತೆ ಕಾಣುವುದಿಲ್ಲವಲ್ಲ.

ಬೇವಿನ ಮರ ಇನ್ನೂ ನೂರು ಮಾರು ದೂರವಿದೆ ಎನ್ನುವಾಗ ಹ್ಯಾಂಡಲ್ ತಾನೇ ಬಲಕ್ಕೆ, ರಸ್ತೆಯ ನಡುವಿಗೆ, ಎದುರು ಬರುವ ಬಂಡಿಗಳ ಕಡೆಗೆ ತಿರುಗತೊಡಗಿತು. ಅವಳು ಕಿರುಚಿ ಬ್ರೇಕು ಒತ್ತಿ ಇಳಿದುಬಿಟ್ಟಳು. ಮರವನ್ನು ನಡೆದೇ ದಾಟಿದಳು.

ಮರುದಿನ ಕೇಂದ್ರದಲ್ಲಿ ವಿಭಾ ಎಲ್ಲ ದಾಖಲೆಗಳನ್ನೂ ಹರವಿ ಕೂತಿದ್ದಳು. "ಒಂದು ಮಾತು ಕೇಳ್ತೇನೆ. ನೀನು ಯಾವಾಗಲೂ ಯಾರದಾದರೂ ಹಿಂದೆಯೇ ಓಡಿಸ್ತಿದ್ದೆಯಾ?"

"ಸೋನಕ್ಕನ ಹಿಂದ್ರಿ."

"ಯಾವಾಗಲೂ?"

ನೀಲಾ ಮೇತ್ರಿ ಸರ್ ಕಡೆ ನೋಡಿದಳು. ಅವರು ಗಡ್ಡ ಕೆರೆದುಕೊಂಡರು. ವಿಷಯ ಗುಟ್ಟೇನಲ್ಲ, ಇಡೀ ಹಾಸ್ಟೆಲ್ಲಿಗೆ ಗೊತ್ತಿದ್ದದ್ದು. ಮುಂದಿನವಳ ಗಾಲಿಗೆ ಗಾಲಿ ಹಚ್ಚಿ ಅವಳ ಮರೆಯಲ್ಲಿ ಕೂತರೆ ಹಿಂದಿನವಳಿಗೆ ಗಾಳಿ ತಾಗುವುದಿಲ್ಲ, ಮೂರರಲ್ಲಿ ಒಂದು ಪಾಲು ಶಕ್ತಿ ಉಳಿಯುತ್ತದೆ. ಅದಕ್ಕೇ ಪಾಳಿ ಹಾಕಿಕೊಳ್ಳುತ್ತಾರೆ. ಮುಂದಿನವಳು ದಣಿದಾಗ ಬಲ ಮೊಣಕೈ ಒಮ್ಮೆ ಜಾಡಿಸಿ ಬಲಕ್ಕೆ ಸರಿಯುತ್ತಾಳೆ, ಹಿಂದಿನವಳು ನೇರ ಮುಂದೆ ಬಂದು ಗಾಳಿ ಹಿಡಿಯುತ್ತಾಳೆ. ಸೋನಾ ಗಟ್ಟಿ, ನೀಲಾ ಚುರುಕು. ಸೋನಾ ಎಳೆದುಕೊಂಡು ಹೋದರೆ ಕೊನೆಯ ಇನ್ನೂರು ಮೀಟರಿನಲ್ಲಿ ನೀಲಾ ಹಾರಿ ಗೆಲ್ಲುತ್ತಿದ್ದಳು. ಪದಕ ನೀಲಾಳ ಕೊರಳಿಗೆ, ಹೆಸರು ಹಾಸ್ಟೆಲ್ಲಿಗೆ. ಕೈಗೂಡಿದ ಕೆಲಸವನ್ನು ಯಾರು ಬದಲಿಸುತ್ತಾರೆ?

"ಹಂಗಂತ ಮುಂದ ಓಡಿಸಿದ್ದೂ ಇತ್ತಲ್ರಿ ಮೇಡಮ್ಮಾರ" ಎಂದರು ಮೇತ್ರಿ ಸರ್. "ಮೊದಲನೇ ವರ್ಷ ಅಂಥಾ ದಾಖಲೆ ಒಂದಿಪ್ಪತ್ತು ಸಲ ಕಳಿಸಿದ್ದೆ. ಕೆಟ್ಟಾವ ಅಂತ ನೀವ ವಾಪಸ್ ಕಳಿಸಿದ್ರಿ."

ವಿಭಾಳ ಮುಖ ಬಿಳಿಚಿತು. ಅವಳೇ ಕಳಿಸಿದ್ದಳು. ಗಾಳಿಗೆ ಮೈ ಅದುರುವುದರಿಂದ ಆ ದಾಖಲೆಗಳಲ್ಲಿ ಗೆರೆಗಳೆಲ್ಲ ಕಲಸಿಕೊಂಡಿರುತ್ತಿದ್ದವು. ಹಿಂದೆ ಕೂತು ಓಡಿಸಿದವು ಅಚ್ಚುಕಟ್ಟು. 'ಇಂಥವನ್ನೇ ಕಳಿಸಿ' ಎಂದು ಬರೆದವಳು ಅವಳೇ. ಸೈಕಲ್ ಬಲ್ಲವರಾಗಿದ್ದರೆ ಕೇಳುತ್ತಿದ್ದರು, ಗಾಳಿ ಎಲ್ಲಿ ಹೋಯಿತು ಎಂದು. ಸೈಕಲ್ ಬಲ್ಲ ಮೇತ್ರಿ ಸರ್ ಅವರಿಗೆ ದಾಖಲೆ ಓದಲು ಬರುತ್ತಿರಲಿಲ್ಲ.

"ಹಂಗಾರ ನನ್ನ ಮೈಯಾಗ ಬಂದದ್ದು..." ಎಂದಳು ನೀಲಾ.

ವಿಭಾ ಪರದೆ ಅವಳ ಕಡೆ ತಿರುಗಿಸಿದಳು. ನೀಲಾಳ ಬೆರಳು ಬ್ರೇಕು ಮುಟ್ಟಿದ್ದು, ಕುತ್ತಿಗೆ ಬಗ್ಗಿದ್ದು, ಸೊಂಟ ವಾಲಿದ್ದು, ಇವೆಲ್ಲವನ್ನೂ ಕೂಡಿಸಿ, ಎದುರಿಗೆ ಏನಿದ್ದರೆ ಮೈ ಹೀಗೆ ಮಾಡುತ್ತದೆ ಎಂದು ಯಂತ್ರಕ್ಕೆ ಕೇಳಿದ್ದಳು. ಪರದೆಯ ಮೇಲೆ ನೀಲಾಳ ಗೊಂಬೆಯೊಂದು ಪೆಡಲ್ ತುಳಿಯುತ್ತಿತ್ತು. ಅದರ ಮುಂದೆ ಬೂದಿ ಬಣ್ಣದ್ದೊಂದು ಆಕಾರ. ಮುಖವಿಲ್ಲ, ಬಟ್ಟೆಯಿಲ್ಲ. ಆದರೆ ಎಡ ಭುಜ ಸ್ವಲ್ಪ ಇಳಿಬಿಟ್ಟು ಕೂರುವ ಆ ರೀತಿ ನೀಲಾಳಿಗೆ ಎಲ್ಲಿದ್ದರೂ ಗುರುತು ಸಿಗುತ್ತಿತ್ತು.

ನೋಡುತ್ತಿದ್ದಂತೆ ಆ ಆಕಾರ ಬಲ ಮೊಣಕೈ ಜಾಡಿಸಿತು. ಬಲಕ್ಕೆ ಸರಿಯಿತು. ನೀಲಾಳ ಗೊಂಬೆ ಮುಂದೆ ಹೋಗಲಿಲ್ಲ, ಅದೂ ಹಿಂದೆಯೇ ಬಲಕ್ಕೆ ಸರಿಯಿತು. ಆಕಾರ ಸ್ವಲ್ಪ ಹೊತ್ತು ಕಾದು ಮತ್ತೆ ಎಡಕ್ಕೆ ಬಂದು ಗಾಳಿಗೆ ತಲೆ ಕೊಟ್ಟಿತು.

"ಇದು ಏನು? ಎಲ್ಲ ದಾಖಲೆಗಳಲ್ಲೂ ಇದೆ. ಬೇವಿನ ಮರದ ಹತ್ತಿರವಂತೂ ತಪ್ಪುವುದೇ ಇಲ್ಲ."

"ಮುಂದ ಬಾ ಅನ್ನಾಕತ್ತಾಳ" ಎಂದಳು ನೀಲಾ. "ನಾ ಹೋಗಾಂಗಿಲ್ಲ."

ಆಮೇಲೆ ವಿಭಾ, ಬೇಕಾದರೆ ಆ ಆಕಾರವನ್ನು ತೆಗೆದುಹಾಕಬಹುದು ಎಂದಳು. ಬೇರೆ ಯಾರೋ ಗಾಳಿಯಲ್ಲಿ ಒಂಟಿಯಾಗಿ ಓಡಿಸಿದ್ದನ್ನು ಇದಕ್ಕೆ ಕಸಿ ಮಾಡಿ, ಸೋನಾಳ ಗುರುತೇ ಇಲ್ಲದಂತೆ ಮಾಡಲು ಎರಡು ವಾರ ಸಾಕು. ಆಯ್ಕೆಯ ಹೊತ್ತಿಗೆ ಎಲ್ಲ ಸರಿಹೋಗುತ್ತದೆ.

"ಆ ದಿನಾನೂ ನಾ ಬನೇನು ಹಾಕ್ಕೊಂಡಿದ್ದೆ, ಅಲ್ರಿ?" ನೀಲಾ ಕೇಳಿದಳು.

ಮೇತ್ರಿ ಸರ್ ಥಟ್ಟನೆ ಎದ್ದು ನಿಂತರು. "ಅದು ಬ್ಯಾಡ."

"ಹಾಕ್ಕೊಂಡಿದ್ದೆ. ಅದನ್ನ ಒಮ್ಮೆ ಹಚ್ರಿ."

"ನೀಲಾ, ಸತ್ತವ್ರನ್ನ ಎಬ್ಬಸಬಾರ್ದು."

"ಆಕಿ ಎಲ್ಲಿ ಮಲಗ್ಯಾಳ್ರಿ ಸರ್, ಎಬ್ಬಸಾಕ?"

ವಿಭಾ ಬಹಳ ಹೊತ್ತು ಒಪ್ಪಲಿಲ್ಲ. ಮೈ ನನ್ನದು, ದಾಖಲೆ ನನ್ನದು ಎಂದು ನೀಲಾ ಹಟ ಹಿಡಿದಾಗ, ಬಾಗಿಲು ಹಾಕಿ, ವಿದ್ಯುತ್ತನ್ನು ಅರ್ಧಕ್ಕಿಳಿಸಿ, ರೋಲರಿನ ಮೇಲಿನ ಸೈಕಲ್ಲಿಗೆ ಅವಳನ್ನು ಪಟ್ಟಿ ಕಟ್ಟಿ ಕೂರಿಸಿದಳು. ಕಿಟಕಿಯಾಚೆ ಸುಡು ಬಿಸಿಲಿತ್ತು.

ಕಾಲು ತಿರುಗಿದವು. ಕಣ್ಣು ಒಂದು ಮೊಳದ ಮುಂದೆ ನೆಟ್ಟವು. ಆ ದಿನ ಗಾಳಿ ಜೋರಿತ್ತು, ಮುಂದಿನ ಗಾಲಿ ಅತ್ತಿತ್ತ ತೂಗುತ್ತಿದ್ದದ್ದು ನೀಲಾಳ ಮಣಿಕಟ್ಟಿಗೆ ತಿಳಿಯುತ್ತಿತ್ತು. ಸೋನಕ್ಕ ದಣಿದಿದ್ದಳು. ಮೊಣಕೈ ಜಾಡಿಸಿದಳು. ನೀಲಾ ಹೋಗಲಿಲ್ಲ. ಸ್ವಲ್ಪ ದೂರ ಹೋಗಿ ಮತ್ತೆ ಜಾಡಿಸಿದಳು, ಈ ಸಲ ಜೋರಾಗಿ. ನೀಲಾ ಹೋಗಲಿಲ್ಲ. ನೀಲಾಳ ಕೆನ್ನೆಯ ಸ್ನಾಯು ಮೇಲೆದ್ದದ್ದು ಪರದೆಯಲ್ಲಿ ಕಂಡಿತು. ಅವಳು ಆಗ ನಗುತ್ತಿದ್ದಳು. ಇನ್ನೊಂದು ಸ್ವಲ್ಪ ಎಳಿಯಕ್ಕ, ಎಂದು ಸಲಿಗೆಯಿಂದ ನಗುತ್ತಿದ್ದಳು.

ಬೇವಿನ ಮರ ಬಂತು. ಸೋನಕ್ಕ ಮೂರನೆಯ ಸಲ ಮೊಣಕೈ ಜಾಡಿಸಿ ಬಲಕ್ಕೆ ಸರಿದಳು. ಈ ಸಲ ಕಾಯಲಿಲ್ಲ, ನೀಲಾ ಮುಂದೆ ಹೋಗಿಯೇ ಹೋಗುತ್ತಾಳೆಂದು ಪೆಡಲು ಬಿಟ್ಟು ಹಿಂದಕ್ಕೆ ಬಂದಳು. ನೀಲಾ ರೂಢಿಯಂತೆ ಅವಳ ಹಿಂದೆಯೇ ಬಲಕ್ಕೆ ಸರಿದಿದ್ದಳು. ಗಾಲಿಗೆ ಗಾಲಿ ತಾಗಿತು. ಮಣಿಕಟ್ಟಿನಲ್ಲಿ ಒಂದು ಸಣ್ಣ ಝುಮ್ಮು, ತಟ್ಟೆಗೆ ಚಮಚ ತಾಗಿದಷ್ಟು. ಆಮೇಲೆ ಮುಂದಿನ ಗಾಲಿ ಇರಲಿಲ್ಲ.

ವಿಭಾ ಯಂತ್ರ ಆರಿಸಿದಳು.

ನೀಲಾ ಪಟ್ಟಿಯಲ್ಲಿ ಜೋತುಬಿದ್ದಿದ್ದಳು. ಹಾಗೆಯೇ ಹೇಳಿದಳು: "ನಿಮಗ ಗೊತ್ತಿತ್ತು, ಸರ್."

"ನೋಡಿದ್ದೆ."

"ಲಾರಿ ಬಂತು ಅಂದ್ರಿ."

"ಲಾರಿನೂ ಬಂದಿತ್ತಲ್ಲವ್ವಾ." ಮೇತ್ರಿ ಸರ್ ಅವಳ ಪಟ್ಟಿ ಬಿಚ್ಚತೊಡಗಿದರು. "ನಿನಗ ಹೇಳಿದ್ರ ನೀ ಮತ್ತ ಸೈಕಲ್ ಹತ್ತತಿದ್ದಿಲ್ಲ. ಪಾಳಿ ಹಾಕ್ರಿ ಅಂತ ಕಿವಿ ಹಿಂಡಿ ಹೇಳಬೇಕಾಗಿತ್ತು ನಾ. ಪದಕ ಬರ್ತಿದ್ದು, ಸುಮ್ನಿದ್ದೆ. ಗಾಲಿ ಹಚ್ಚಿದಾಂವ ನಾನ ಅಂತ ತಿಳಿ."

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದರೆ ಪಾಪವನ್ನು ಹಾಗೆ ಒಬ್ಬರಿಂದ ಇನ್ನೊಬ್ಬರು ಇಸಿದುಕೊಳ್ಳಲು ಬರುವುದಿಲ್ಲ. ನೀಲಾ ಬನೇನು ಬಿಚ್ಚಿ ಮೇಜಿನ ಮೇಲಿಟ್ಟು ಮನೆಗೆ ಹೋದಳು.

ನಾಲ್ಕು ದಿನ ಅವಳು ಪಡಸಾಲೆಯಲ್ಲಿ ಕೂತು ಹೂ ಕಟ್ಟಿದಳು. ಅವ್ವನ ಬೆರಳು ನೋಡದೆಯೇ ಸೇವಂತಿಗೆಯನ್ನು ಜೋಡಿಸಿ ಗಂಟು ಹಾಕುತ್ತಿದ್ದವು. ನೀಲಾಳ ಮಾಲೆ ಸಡಿಲಾಗಿ ಉದುರುತ್ತಿತ್ತು. ಐದನೆಯ ದಿನ ಅವ್ವ ಕೇಳಿದಳು: "ಏನ ಆಗೇತಿ, ಬಾಯಿ ಬಿಟ್ಟು ಹೇಳು."

ನೀಲಾ ಎಲ್ಲವನ್ನೂ ಹೇಳಿದಳು. ಶಾವಂತ್ರವ್ವನ ಕೈ ನಿಂತಿತು. ಮಗಳನ್ನು ತಬ್ಬಿಕೊಳ್ಳುತ್ತಾಳೆಂದು, ಇಲ್ಲವೇ ಬೈಯುತ್ತಾಳೆಂದು ನೀಲಾ ಕಾದಳು. ಅವ್ವ ಎರಡನ್ನೂ ಮಾಡಲಿಲ್ಲ.

"ನನಗ ಹೇಳಿ ಏನ ಬಂತು? ಹೇಳಬೇಕಾದವ್ರಿಗೆ ಹೇಳು. ಈ ಮಾಲಿ ಒಯ್ಯಿ."

ಸೋನಾಳ ತಾಯಿ ಜಮುನಾಬಾಯಿ ಅಥಣಿ ರಸ್ತೆಯ ಪಕ್ಕದ ಲಂಬಾಣಿ ತಾಂಡಾದಲ್ಲಿರುತ್ತಿದ್ದಳು. ನೀಲಾ ಬಸ್ಸಿನಲ್ಲಿ ಹೋದಳು. ಒಂದೇ ಕೋಣೆಯ ಮನೆ, ಗೋಡೆಯ ಮೇಲೆ ಸೋನಾಳ ಫೋಟೋ, ಮೂಲೆಯಲ್ಲಿ ಹಿಂದಿನ ಗಾಲಿ ಸೊಟ್ಟಗಾದ ಸೈಕಲ್ಲು. ಜಮುನಾಬಾಯಿ ಬಾಗಿಲಲ್ಲೇ ಕೂತು ಹಳೆಯ ಬಟ್ಟೆಗೆ ಕನ್ನಡಿ ಹಚ್ಚುತ್ತಿದ್ದಳು. ಮಾಲೆಯನ್ನು ತೆಗೆದುಕೊಂಡು ಫೋಟೋಕ್ಕೆ ಹಾಕಿ ಬಂದು ಮತ್ತೆ ಸೂಜಿ ಹಿಡಿದಳು. ನೀಲಾ ನಿಂತೇ ಹೇಳಿದಳು. ಬನೇನಿನಲ್ಲಿ ಸೋನಕ್ಕ ಕಂಡದ್ದು, ಗಾಲಿ ತಾಗಿದ್ದು, ತಾನು ನಕ್ಕದ್ದು, ಒಂದನ್ನೂ ಬಿಡಲಿಲ್ಲ.

ಸೂಜಿ ಎರಡು ಸಲ ಬಟ್ಟೆಯಲ್ಲಿ ಹೋಗಿ ಬಂತು.

"ಯಾಡಿ, ಕಾಲು ಭಾಳ ನೋಯ್ತಾವ ಅಂತ ದಿನಾ ಎಣ್ಣಿ ಹಚ್ಚಿಸ್ಕೋತಿದ್ಲು" ಎಂದಳು ಜಮುನಾಬಾಯಿ. ಯಾಡಿ ಎಂದರೆ ಅವರ ಮಾತಿನಲ್ಲಿ ಅವ್ವ. "ಸಣ್ಣಾಕೀಗಿ ಮುಂದ ಬಾ ಅನ್ನು, ಅಂತಿದ್ದೆ ನಾ. ಕರೀತೀನಿ, ಬರೂದಿಲ್ಲ ಆಕಿ, ಅಂತಿದ್ಲು. ನಕ್ಕೋತ ಅಂತಿದ್ಲು."

ನೀಲಾ ಅವಳ ಎದುರಿಗೆ ನೆಲದ ಮೇಲೆ ಕೂತಳು.

ಆಮೇಲೆ ಜಮುನಾಬಾಯಿ ತಲೆಯೆತ್ತದೆ ಕೇಳಿದಳು: "ಆ ಬನೇನಿನ್ಯಾಗ ಆಕಿ ಇನ್ನೂ ಅದಾಳೇನು?"

"ಅದಾಳ. ಬನೇನು ತೆಗದ್ರೂ ಅದಾಳ. ನನ್ನ ಮೈಯಾಗ ಕುಂತಾಳ."

"ಏನ ಮಾಡ್ತಾಳ?"

"ನನ್ನ ಮುಂದ ಓಡಸ್ತಾಳ."

"ಇನ್ನೂ?"

"ಇನ್ನೂ. ತೆಗದಹಾಕ್ತೀನಿ ಅಂತಾರ ಮೇಡಮ್ಮಾರು."

ಜಮುನಾಬಾಯಿ ದಾರವನ್ನು ಹಲ್ಲಿನಿಂದ ಕಡಿದಳು. "ತೆಗದ್ರ ಎಲ್ಲಿಗಿ ಹೋಗ್ತಾಳ? ಭಾಳ ದಣದಿರ್ತಾಳವ್ವ ನನ್ನ ಮಗಳು. ಆಕೀನ ಮನಿಗೆ ಕರಕೊಂಡ ಬಾ."

ಅಷ್ಟೇ ಹೇಳಿದ್ದು. ಕ್ಷಮಿಸಿದೆ ಎನ್ನಲಿಲ್ಲ, ನೀರು ಕುಡಿ ಎಂದೂ ಅನ್ನಲಿಲ್ಲ. ನೀಲಾ ಹೊರಟಾಗ ಬಾಗಿಲಿನಿಂದ ಏಳಲೂ ಇಲ್ಲ.

ಮರುದಿನ ನೀಲಾ ಕೇಂದ್ರಕ್ಕೆ ಹೋಗಿ, ಸೋನಕ್ಕನನ್ನು ಅಳಿಸುವುದು ಬೇಡ, ಬನೇನೂ ಬೇಡ ಎಂದಳು. ಗಾಳಿಯಲ್ಲಿ ಓಡಿಸುವುದನ್ನು ಅವಳ ಮೈ ಎಂದೂ ಸರಿಯಾಗಿ ಕಲಿತೇ ಇರಲಿಲ್ಲ. ಕಳೆದುಹೋದದ್ದನ್ನು ಹುಡುಕಿ ತರಬಹುದು, ಇಲ್ಲದ್ದನ್ನು ದುಡಿದೇ ಪಡೆಯಬೇಕು. ಉಳಿದ ಇಪ್ಪತ್ತೆರಡು ದಿನ ಅವಳು ಅಥಣಿ ರಸ್ತೆಯಲ್ಲಿ ಒಬ್ಬಳೇ ಗಾಳಿಗೆ ಎದೆ ಕೊಟ್ಟಳು. ತೊಡೆ ಸೀಳಿದಂತಾಗುತ್ತಿತ್ತು, ವಾಂತಿ ಮಾಡಿಕೊಂಡಳು, ರಸ್ತೆ ಬದಿಯಲ್ಲಿ ಕೂತು ಅತ್ತಳು. ಇಷ್ಟನ್ನು ಸೋನಕ್ಕ ಎರಡು ವರ್ಷ ದಿನಾ ತಿಂದಿದ್ದಳು. ಮುಂದಿನ ಆಕಾರ ಕಣ್ಣಿಗೆ ಕಾಣುತ್ತಿರಲಿಲ್ಲ, ಆದರೆ ಬೆರಳು ಇನ್ನೂ ಬ್ರೇಕು ಮುಟ್ಟುತ್ತಿತ್ತು. ಬೇವಿನ ಮರ ಬಂದಾಗ ಮಾತ್ರ ಹ್ಯಾಂಡಲ್ ಬಲಕ್ಕೆ ಎಳೆಯುತ್ತಿತ್ತು. ಎಷ್ಟು ಪ್ರಯತ್ನಿಸಿದರೂ ಆ ನೂರು ಮಾರನ್ನು ಅವಳಿಗೆ ಇಳಿದು ನಡೆದೇ ದಾಟಬೇಕಾಯಿತು. ಆಯ್ಕೆಯ ದಿನ ಇಳಿದರೆ ಆಟ ಮುಗಿಯಿತು. ಇಳಿಯದಿದ್ದರೆ ಎದುರಿಗೆ ಲಾರಿ ಬಂದರೂ ಬರಬಹುದು.

ಆ ದಿನ ಬೆಳಗಿನಿಂದಲೇ ಗಾಳಿ ಎದ್ದಿತ್ತು. ಗಾಳಿಯಂತ್ರಗಳು ಹುಚ್ಚೆದ್ದು ತಿರುಗುತ್ತಿದ್ದವು. ಹುಡುಗಿಯರು ನಿಮಿಷಕ್ಕೊಬ್ಬರಂತೆ ಹೊರಟರು, ಎಲ್ಲರಿಗಿಂತ ಕೊನೆಗೆ ನೀಲಾ. ಹದಿನೈದು ಕಿಲೋಮೀಟರ್ ಪಡುವಣಕ್ಕೆ, ತಿರುಗಿ ಹದಿನೈದು. ಅರ್ಧ ರಸ್ತೆಯಲ್ಲಿ ವಾಹನಗಳನ್ನು ಬಿಟ್ಟಿದ್ದರು. ಮೇತ್ರಿ ಸರ್ ಮೋಟರ್ ಸೈಕಲ್ಲಿನಲ್ಲಿ ಹಿಂದೆ ಬಂದರು. ವಿಭಾ ಗಡಿಯಾರದ ಮೇಜಿನ ಹತ್ತಿರ ಉಗುರು ಕಚ್ಚುತ್ತ ನಿಂತಳು.

ಹತ್ತು ಕಿಲೋಮೀಟರಿನವರೆಗೆ ನೀಲಾ ಗೋಡೆ ತಳ್ಳಿದಳು. ಹನ್ನೆರಡು ದಾಟಿದ ಮೇಲೆ ಬೇವಿನ ಮರ ಕಂಡಿತು. ಕಣ್ಣು ತಾನಾಗಿಯೇ ರಸ್ತೆಯಿಂದ ಇಳಿದು ಒಂದು ಮೊಳದ ಮುಂದೆ ನಿಂತಿತು. ಬೆರಳು ಬ್ರೇಕಿನ ಮೇಲೆ ಕೂತಿತು. ಇದ್ದಕ್ಕಿದ್ದಂತೆ ಮುಖಕ್ಕೆ ಬಡಿಯುತ್ತಿದ್ದ ಗಾಳಿ ನಿಂತಹಾಗಾಯಿತು. ಹಿಂದಿನಂತೆ, ಹಾಸಿಗೆಯಲ್ಲಿ ಮಲಗಿದಷ್ಟು ಹಾಯಾಗಿ, ಮರೆ ಸಿಕ್ಕಿತು. ನೀಲಾಳಿಗೆ ಅಲ್ಲೇ ಇದ್ದುಬಿಡಬೇಕೆನಿಸಿತು. ಅಷ್ಟರಲ್ಲಿ ಮುಂದೆ, ಏನೂ ಇಲ್ಲದಲ್ಲಿ, ಮೊಣಕೈ ಜಾಡಿಸಿತು.

ಎದುರಿನಿಂದ ಹತ್ತಿಯ ಲಾರಿಯೊಂದು ಬರುತ್ತಿತ್ತು. ಹ್ಯಾಂಡಲ್ ಬಲಕ್ಕೆ ಎಳೆಯಿತು. ಸೊಂಟ ಬಲಕ್ಕೆ ವಾಲಿತು. ಇಡೀ ಮೈ ಆ ಗಾಲಿಯ ಹಿಂದೆ ಹೋಗಲು ತಾಯಿಯ ಸೆರಗು ಹಿಡಿದ ಮಗುವಿನ ಹಾಗೆ ಹಟ ಮಾಡಿತು.

"ಬಂದೆ ಅಕ್ಕಾ" ಎಂದಳು ನೀಲಾ, ಗಟ್ಟಿಯಾಗಿ. ತಲೆ ಎತ್ತಿ ರಸ್ತೆಯ ಉದ್ದಕ್ಕೂ ನೋಡಿದಳು. ಹಲ್ಲು ಕಚ್ಚಿ, ಎಡಗೈಯಲ್ಲಿ ಹ್ಯಾಂಡಲ್ ಹಿಡಿದೆಳೆದು, ನೇರ ಹೋದಳು.

ಗಾಳಿ ಹೊಡೆದ ಹೊಡೆತಕ್ಕೆ ಉಸಿರು ಕಟ್ಟಿತು. ಲಾರಿ ಪಕ್ಕದಲ್ಲಿ ಗುಡುಗಿ ಹೋಯಿತು. ಬೇವಿನ ಮರ ಹಿಂದೆ ಬಿತ್ತು. ಮುಂದೆ ಯಾರೂ ಇರಲಿಲ್ಲ, ರಸ್ತೆ ಮಾತ್ರ ಇತ್ತು. ನೀಲಾ ಅಳುತ್ತಲೇ ಪೆಡಲ್ ತುಳಿದಳು.

ಅರ್ಧ ದಾರಿಯಲ್ಲಿ ತಿರುಗಿ ವಾಪಸು ಹೊರಟ ಮೇಲೆ ಮತ್ತೊಂದು ಆಯಿತು. ತೊಡೆಯಲ್ಲಿ ಶಕ್ತಿ ಮುಗಿಯುತ್ತ ಬಂದಿತ್ತು. ಅವಳ ಬಲ ಮೊಣಕೈ ತಾನಾಗಿ ಒಮ್ಮೆ ಜಾಡಿಸಿತು. ನೀಲಾ ಅದನ್ನು ಪಕ್ಕೆಗೆ ಒತ್ತಿ ಹಿಡಿದಳು. "ಬ್ಯಾಡ ಅಕ್ಕಾ, ನೀ ಕುಂದ್ರು" ಎಂದಳು. ತಿರುಗಿ ನೋಡಲಿಲ್ಲ. ಓಡಿಸುವಾಗ ತಿರುಗಿ ನೋಡಿದರೆ ಗಾಲಿ ತಪ್ಪುತ್ತದೆ ಎಂದು ಮೊದಲ ದಿನವೇ ಕಲಿಸುತ್ತಾರೆ.

ಗೆರೆ ದಾಟಿದಾಗ ವಿಭಾ ಓಡಿ ಬಂದಳು. "ನಾಲ್ಕನೆಯ ಸ್ಥಾನ! ನಾಲ್ವರನ್ನು ತೆಗೆದುಕೊಳ್ತಾರೆ, ನೀಲಾ!"

ನೀಲಾ ಒಂದು ಕಾಲು ನೆಲಕ್ಕೂರಿ ಉಸಿರಾಡುತ್ತಿದ್ದಳು. ಇನ್ನೊಂದು ಕಾಲು ಪೆಡಲಿನ ಮೇಲೇ ಇತ್ತು. ಮೇತ್ರಿ ಸರ್ ಮೋಟರ್ ಸೈಕಲ್ ನಿಲ್ಲಿಸಿ ಹತ್ತಿರ ಬಂದರು. ಅವರ ಮುಖದಲ್ಲಿ ಸಂತೋಷವಿರಲಿಲ್ಲ, ಏನೋ ಹೆದರಿಕೆ ಇತ್ತು.

"ಬೇವಿನ ಮರದಿಂದ ಇಲ್ಲೀತನಕ ಕೈ ಬಿಟ್ಟು ಗುಂಡಿ ತೋರಿಸ್ಕೋತ ಬಂದಿ" ಎಂದರು ಮೆಲ್ಲಗೆ. "ಒಬ್ಬಾಕೀನ ಓಡಸಾಕತ್ತಿದ್ದಿ. ಯಾರಿಗಿ ತೋರಿಸಿದಿ?"

ನೀಲಾ ಬಾಟಲಿಯ ನೀರನ್ನು ಅರ್ಧ ಕುಡಿದು ಅರ್ಧ ಉಳಿಸಿದಳು. "ಮನಿಗೆ ಬಿಟ್ಟು ಬರ್ತೀನ್ರಿ ಸರ್" ಎಂದು ಸೈಕಲ್ ತಿರುಗಿಸಿದಳು.

ತಾಂಡಾಕ್ಕೆ ಮತ್ತೆ ಗಾಳಿಗೆದುರಾಗಿಯೇ ಹೋಗಬೇಕು. ಅವಳು ಅವಸರ ಮಾಡಲಿಲ್ಲ. ಹಿಂದೆ ದಣಿದವರಿದ್ದರೆ ಹೇಗೆ ಓಡಿಸಬೇಕೋ ಹಾಗೆ, ಒಂದೇ ಹದದಲ್ಲಿ, ಪ್ರತಿ ಗುಂಡಿಗೂ ಎಡಗೈ ಇಳಿಸಿ ತೋರಿಸುತ್ತ ಹೋದಳು.

ಜಮುನಾಬಾಯಿ ಬಾಗಿಲಲ್ಲಿ ಕೂತಿದ್ದ ಕಡೆಯಿಂದಲೇ ನೋಡಿದಳು. ಸೈಕಲ್ಲು ಅಂಗಳಕ್ಕೆ ಬಂದು ನಿಂತಿತು. ನೀಲಾ ಇಳಿದಳು, ಬಾಟಲಿಯನ್ನು ಹೊಸ್ತಿಲ ಮೇಲಿಟ್ಟಳು. ಜಮುನಾಬಾಯಿ ಅವಳ ಮುಖ ನೋಡಿದಳು. ಆಮೇಲೆ ಅವಳ ಹೆಗಲಿನ ಮೇಲಿಂದ ಹಿಂದಕ್ಕೆ ನೋಡಿದಳು. ಹಾಗೇ ಸ್ವಲ್ಪ ಹೊತ್ತು ನೋಡುತ್ತಿದ್ದು, ಮಡಿಲಲ್ಲಿದ್ದ ಬಟ್ಟೆ ಸೂಜಿ ಕೆಳಗಿಟ್ಟು ಎದ್ದಳು. ಎಣ್ಣೆಯ ಬಟ್ಟಲನ್ನು ಕೈಗೆ ತೆಗೆದುಕೊಂಡು, ಇಬ್ಬರು ಹಾಯುವಷ್ಟು ಜಾಗ ಬಿಟ್ಟು ಬಾಗಿಲ ಪಕ್ಕಕ್ಕೆ ಸರಿದು ನಿಂತಳು.